ಗಣಿತವಿದುಷಿ ಲೇಡಿ ಏಡಾ ಲವ್ಲೇಸ್

ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಾಗಲಿ, ಕುಷ್ಟಗಿ ತಾಲೂಕಿನ ದೋಟಿಹಾಳ, ಹನುಮಸಾಗರಗಳಲ್ಲಾಗಲಿ ಮಗ್ಗದ ಸಪ್ಪಳವನ್ನು ಕೇಳುತ್ತ ಬೆಳೆದವರು ಈ ಸ್ಮರಣ ಸಂಚಿಕೆಯ ವಾಚಕರಲ್ಲಿ ಅನೇಕರಿರುವರು. ಹೂಬಳ್ಳಿಗಳ ಚಿತ್ತಾರವನ್ನು ನೇಯುವ ಮಗ್ಗವೊಂದನ್ನು ಎಲ್ಲಿಯಾದರೂ ಸಮೀಪದಿಂದ ನೋಡಿದವರು, ಅದರ ನೆತ್ತಿಯ ಮೇಲೆ ಒಂದಕ್ಕೊಂದು ದಾರದಿಂದ ಪೋಣಿಸಿದ ರಟ್ಟಿನ ಪಟ್ಟಿಗಳ ಮಾಲೆಯನ್ನು ಲಕ್ಷಿಸಿರಬಹುದು. ಆ ಪಟ್ಟಿಗಳಲ್ಲಿ ಅಲ್ಲಲ್ಲಿ ತೂತುಗಳಿರುವವು. ತೂತು ಇದ್ದಲ್ಲಿ ಹಾಸಿನ ಎಳೆಯು ಮೇಲೇಳುವದು. ಇಲ್ಲದಲ್ಲಿ ಕೆಳಗೇ ಉಳಿಯುವದು. ಎದ್ದ ಎಳೆಗಳ ಅಡಿಯಲ್ಲಿ ಲಾಳಿಯು ಹಾಯ್ದುಹೋಗುವದು. ಒಡನೆಯೇ ಮುಂದಿನ ಪಟ್ಟಿಯು ಬಂದು ನಿಲ್ಲುವದು. ಹೀಗೆ ನೇಕಾರನು ಚಿತ್ತಾರವನ್ನು ತಲೆಯಲ್ಲಿ ಹೊತ್ತಿರಬೇಕಾದ ಕಾರಣವಿಲ್ಲ. ರಟ್ಟುಗಳೇ ಅದನ್ನು ಹೊತ್ತಿರುವವು. ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದವನಾದ ಜೋಸೆಫ್ ಮಾರಿ ಜಕಾರ್ಡ್ ಎಂಬವನು 1804ರ ಸುಮಾರಿಗೆ ಈ ಉಪಕರಣವನ್ನು ಸಿದ್ಧಪಡಿಸಿದನು.

ರೇಶಿಮೆ ನೇಯುವವರ ಸಲುವಾಗಿ ಹುಟ್ಟಿದ ಈ ತೂತಿನ ರಟ್ಟಿಗೂ, ಇಂದು ನಮ್ಮ ಒಕ್ಕಲಿಗರಿಗೆ ಪಹಣಿಯನ್ನು ಅಚ್ಚುಹಾಕಿ ಕೊಡುವ ಗಣಕಯಂತ್ರಕ್ಕೂ ರಕ್ತಸಂಬಂಧವುಂಟೆಂದರೆ ಕೆಲವರು ನಕ್ಕಾರು. ಆದರೆ ಆ ಸಂಬಂಧದ ಎಳೆಯನ್ನು ಹಿಡಿದು, ಅದು ಎಲ್ಲಿಯವರೆಗೆ ಹೋಗಬಲ್ಲದೆಂಬದನ್ನು ಯಂತ್ರವು ಹುಟ್ಟುವ ಒಂದು ಶತಮಾನದ ಮೊದಲೇ ಬರೆದಿಟ್ಟವಳು ಒಬ್ಬ ಹೆಣ್ಣುಮಗಳು. ಆಕೆಯ ಚರಿತ್ರೆಯನ್ನು ಇಲ್ಲಿ ಹೇಳಲು ನಾವು ಉದ್ಯುಕ್ತರಾಗಿದ್ದೇವೆ. ಮಗಳಿಗೆ ಬೀಜಗಣಿತವೇಕೆ, ಹತ್ತನೆಯ ತರಗತಿ ಮುಗಿದರೆ ಸಾಲದೆ, ಎಂದು ಕೇಳುವ ಪಾಲಕರು ನಮ್ಮ ತಾಲೂಕುಗಳಲ್ಲಿ ಇನ್ನೂ ಇಲ್ಲದಿಲ್ಲ. ಅವರನ್ನೂ ಮನದಲ್ಲಿಟ್ಟುಕೊಂಡೇ ಈ ಚರಿತ್ರೆಯನ್ನು ಆರಿಸಿಕೊಂಡೆವು.

ಏಡಾ 1815ನೆಯ ಇಸವಿ ಡಿಸೆಂಬರ 10ರಂದು ಲಂಡನ್ ನಗರದಲ್ಲಿ ಜನಿಸಿದಳು. ಆಕೆಯ ತಂದೆಯು ಯುರೋಪವೆಲ್ಲ ಕೊಂಡಾಡುತ್ತಿದ್ದ ಕವಿ ಲಾರ್ಡ್ ಬೈರನ್. ಕವಿತ್ವದಲ್ಲಿ ಎಷ್ಟು ದೊಡ್ಡವನೋ ನಡತೆಯಲ್ಲಿ ಅಷ್ಟೇ ಕಡಿವಾಣವಿಲ್ಲದವನು. ತಾಯಿ ಆನಾಬೆಲ್ಲಾ ಮಿಲ್ಬ್ಯಾಂಕ್ ಕುಲೀನ ಮನೆತನದವಳು, ದೈವಭೀರು, ಗಣಿತವನ್ನು ಅಭ್ಯಾಸ ಮಾಡಿದವಳು. ಆಕೆಯ ಆ ಅಭಿರುಚಿಯನ್ನು ಕುರಿತು ಗಂಡನು ರೇಖಾಗಣಿತದ ಆಕೃತಿಯೊಂದರ ಹೆಸರನ್ನು ಕೂಡಿಸಿ ಹಾಸ್ಯ ಮಾಡುತ್ತಿದ್ದನು. ಇಂಥ ಇಬ್ಬರ ಸಂಸಾರವು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ನಡೆಯಿತು. ಮಗುವಿಗೆ ಒಂದು ತಿಂಗಳು ತುಂಬಿದ ಕೆಲವೇ ದಿನಗಳಲ್ಲಿ ತಾಯಿಯು ಅದನ್ನೆತ್ತಿಕೊಂಡು ತವರಿಗೆ ಹೊರಟುಹೋದಳು. 1816ರ ಏಪ್ರಿಲ್ ತಿಂಗಳಲ್ಲಿ ಬೈರನ್ ಸ್ವದೇಶವನ್ನು ಬಿಟ್ಟವನು ಮರಳಿ ಜೀವಂತನಾಗಿ ಬರಲಿಲ್ಲ. 1824ರಲ್ಲಿ ಗ್ರೀಸ್ ದೇಶದಲ್ಲಿ ತನ್ನ 36ನೆಯ ವಯಸ್ಸಿನಲ್ಲಿ ತೀರಿಕೊಂಡನು. ತಂದೆಯ ಮುಖವನ್ನು ಮಗಳು ಅರಿಯಲೇ ಇಲ್ಲ.

ತಂದೆಯ ಸ್ವಭಾವವು ಮಗಳಲ್ಲಿ ತಲೆಯೆತ್ತೀತೆಂಬ ಭಯವು ಲೇಡಿ ಬೈರನ್ನಳನ್ನು ಬಾಧಿಸುತ್ತಿದ್ದಿತು. ಕಲ್ಪನೆಗೆ ಮದ್ದು ಗಣಿತವೆಂದು ಆಕೆಯು ನಂಬಿದಳು. ಆದಕಾರಣ ಎಳೆಯ ವಯಸ್ಸಿನಿಂದಲೇ ಅಂಕಗಣಿತ, ಭೂಗೋಲ, ಫ್ರೆಂಚ್ ಭಾಷೆ, ಸಂಗೀತ ಇವುಗಳ ಪಾಠಗಳು ವೇಳಾಪತ್ರಿಕೆಗೆ ಸರಿಯಾಗಿ ನಡೆಯತೊಡಗಿದವು. ಪಾಠ ಚೆನ್ನಾಗಿ ಒಪ್ಪಿಸಿದರೆ ಕಾಗದದ ಟಿಕೀಟುಗಳು ಬಹುಮಾನ. ತಪ್ಪಿದರೆ ಅವು ಹಿಂದಕ್ಕೆ. ಇಂಥ ಶಿಸ್ತು ಮಗುವಿಗೆ ಹಿತವಾಯಿತೆಂದು ನಾವು ಹೇಳಲಾರೆವು. ಪ್ರೀತಿಯ ಮಾತುಗಳಿಗಿಂತ ಪರೀಕ್ಷೆಯ ಪ್ರಶ್ನೆಗಳನ್ನೇ ಆ ಹುಡುಗಿ ಹೆಚ್ಚು ಕೇಳಿರಬೇಕು. ಆದರೂ ಆ ಕಾಲದಲ್ಲಿ ಗಂಡುಮಕ್ಕಳಿಗೂ ದುರ್ಲಭವಾಗಿದ್ದ ಗಣಿತಶಿಕ್ಷಣವನ್ನು ಒಬ್ಬ ತಾಯಿಯು ಹಟಹಿಡಿದು ಮಗಳಿಗೆ ಕೊಡಿಸಿದಳೆಂಬ ಮಾತನ್ನು ಮರೆಯಲಾಗದು.

ಮದ್ದು ತಾಯಿ ಎಣಿಸಿದಂತೆ ಕೆಲಸ ಮಾಡಲಿಲ್ಲ. ಹನ್ನೆರಡು ವರ್ಷದವಳಾಗಿದ್ದಾಗ, 1828ರಲ್ಲಿ, ಏಡಾ ಹಾರುವ ಯಂತ್ರವೊಂದನ್ನು ಕಟ್ಟಬೇಕೆಂದು ಹೊರಟಳು. ಹಕ್ಕಿಗಳ ರೆಕ್ಕೆಗೂ ಮೈಗೂ ಇರುವ ಪ್ರಮಾಣವೇನೆಂದು ಪರೀಕ್ಷಿಸಿದಳು. ರೆಕ್ಕೆಗೆ ಕಾಗದವೋ, ರೇಶಿಮೆಯೋ, ತಂತಿಯೋ ಎಂದು ಆಲೋಚಿಸಿದಳು. ಕಲ್ಪನೆಯನ್ನು ಒಣಗಿಸಲೆಂದು ಕಲಿಸಿದ ಲೆಕ್ಕವು ಅದೇ ಕಲ್ಪನೆಗೆ ರೆಕ್ಕೆ ಅಳೆಯುವ ಕೋಲಾಗಿ ಒದಗಿತು. ಮರುವರ್ಷ ಗೋವರ ಬೇನೆಯು ಬಂದು ಆಕೆಯ ಕಾಲುಗಳ ಶಕ್ತಿಯನ್ನೇ ಕಸಿದುಕೊಂಡಿತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿದ್ದು, ಮುಂದೆ ಊರುಗೋಲುಗಳ ಆಧಾರದಿಂದ ನಡೆಯುತ್ತ, ಪೂರ್ಣ ಗುಣವಾಗುವದಕ್ಕೆ ಸುಮಾರು ಮೂರು ವರ್ಷ ಹಿಡಿಯಿತು. ಪಾಠಗಳು ಮಾತ್ರ ನಿಲ್ಲಲಿಲ್ಲ.

ಇಲ್ಲಿ ಇನ್ನೊಬ್ಬ ಸ್ತ್ರೀಯ ಹೆಸರನ್ನು ಹೇಳದೆ ಮುಂದೆ ಹೋಗಲಾಗದು. ಸ್ಕಾಟ್ಲಂಡದ ಮೇರಿ ಸೊಮರ್ವಿಲ್ 1780ರಲ್ಲಿ ಹುಟ್ಟಿದವಳು. ಬಾಲ್ಯದಲ್ಲಿ ಈಕೆಯು ರಾತ್ರಿ ಯೂಕ್ಲಿಡನ ಪುಸ್ತಕವನ್ನೋದುತ್ತಿದ್ದುದನ್ನು ಕಂಡು, ಓದಿನಿಂದ ಹುಡುಗಿಯ ತಲೆ ಕೆಟ್ಟೀತೆಂದು ಹೆದರಿದ ಮನೆಯವರು ಕೋಣೆಯ ಮೇಣಬತ್ತಿಗಳನ್ನೇ ತೆಗೆಯಿಸಿಬಿಟ್ಟರು. ಹುಡುಗಿಯು ಸಿದ್ಧಾಂತಗಳನ್ನು ಬಾಯಿಪಾಠ ಮಾಡಿಕೊಂಡು ಕತ್ತಲಲ್ಲಿ ಮನಸ್ಸಿನಲ್ಲಿಯೇ ಬಿಡಿಸತೊಡಗಿದಳು. ಹೀಗೆ ಕಲಿತವಳು ಫ್ರೆಂಚ್ ಪಂಡಿತ ಲಾಪ್ಲಾಸನ ಖಗೋಲ ಗ್ರಂಥವನ್ನು ಇಂಗ್ಲಿಷಿಗೆ ತಂದು 1831ರಲ್ಲಿ ಪ್ರಕಟಿಸಿ ವಿದ್ವಾಂಸರೆಲ್ಲರ ಗೌರವಕ್ಕೆ ಪಾತ್ರಳಾದಳು. ಏಡಾಳಿಗೆ ಈಕೆಯು ಗುರುವೂ ಹಿರಿಯ ಗೆಳತಿಯೂ ಆದಳು. ಗಣಿತವನ್ನು ಬಲ್ಲ ಹೆಂಗಸೊಬ್ಬಳನ್ನು ಕಣ್ಣೆದುರಿಗೆ ಕಾಣುವದು ಹರೆಯದ ಹುಡುಗಿಗೆ ಎಷ್ಟು ಧೈರ್ಯವನ್ನು ಕೊಡುವದೆಂಬದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ತಿಳಿಯದ ಸಂಗತಿಯಲ್ಲ.

1833ರ ಜೂನ್ ತಿಂಗಳಲ್ಲಿ ಹದಿನೇಳು ವರ್ಷದ ಏಡಾ, ಚಾರ್ಲ್ಸ್ ಬ್ಯಾಬೇಜ್ ಎಂಬ ಪಂಡಿತನನ್ನು ಕಂಡಳು. 1791ರಲ್ಲಿ ಹುಟ್ಟಿದ ಈತನು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಹಿಂದೆ ನ್ಯೂಟನ್ ಅಲಂಕರಿಸಿದ್ದ ಗಣಿತಪೀಠವನ್ನು ಹೊಂದಿದವನು. ಆ ಕಾಲದಲ್ಲಿ ಹಡಗು ನಡಿಸುವವರೂ, ಭೂಮಿ ಅಳೆಯುವವರೂ, ಖಗೋಲಜ್ಞರೂ ಲಾಗರಿದಮ್ ಮೊದಲಾದ ಕೋಷ್ಟಕಗಳ ಪುಸ್ತಕಗಳನ್ನೇ ನಂಬಿರಬೇಕಾಗಿದ್ದಿತು. ಅವುಗಳನ್ನು ಮನುಷ್ಯರೇ ಕೂತು ಲೆಕ್ಕಹಾಕುತ್ತಿದ್ದರು. ಮನುಷ್ಯರೇ ನಕಲು ಮಾಡುತ್ತಿದ್ದರು. ಮನುಷ್ಯರೇ ಮೊಳೆ ಜೋಡಿಸುತ್ತಿದ್ದರು. ಮೂರೂ ಕಡೆ ತಪ್ಪುಗಳು ನುಸುಳುತ್ತಿದ್ದವು. ಒಂದು ಅಂಕೆ ತಪ್ಪಿದರೆ ನಡುಗಡಲಿನ ಹಡಗು ದಾರಿ ತಪ್ಪುವದು. ಲೆಕ್ಕವನ್ನೂ ಮುದ್ರಣವನ್ನೂ ಯಂತ್ರದಿಂದಲೇ ಮಾಡಿಸಬೇಕೆಂದು ಬ್ಯಾಬೇಜ್ 1821ರಿಂದ ಹಂಬಲಿಸಿದನು.

ಆತನ ಮೊದಲನೆಯ ಯಂತ್ರದ ಗುಟ್ಟನ್ನು ಏಳನೆಯ ತರಗತಿಯ ಹುಡುಗಿಯೂ ಗ್ರಹಿಸಬಲ್ಲಳು. 1, 4, 9, 16, 25 ಈ ವರ್ಗಸಂಖ್ಯೆಗಳನ್ನು ತೆಗೆದುಕೊಳ್ಳಿರಿ. ಒಂದರಿಂದ ಮುಂದಿನದಕ್ಕೆ ಇರುವ ಅಂತರಗಳು 3, 5, 7, 9. ಈ ಅಂತರಗಳ ಅಂತರವು ಯಾವಾಗಲೂ 2. ಅಂದ ಮೇಲೆ ಗುಣಾಕಾರವೇ ಬೇಡ: 9ಕ್ಕೆ 2 ಕೂಡಿಸಿದರೆ 11, 25ಕ್ಕೆ 11 ಕೂಡಿಸಿದರೆ 36, ಅದೇ ಆರರ ವರ್ಗ. ಬರಿಯ ಕೂಡಿಸುವದರಿಂದಲೇ ಕೋಷ್ಟಕವು ಎಷ್ಟು ಉದ್ದಕ್ಕಾದರೂ ಬೆಳೆಯುವದು. ಕೂಡಿಸುವದನ್ನು ಹಲ್ಲುಚಕ್ರಗಳು ಮಾಡಬಲ್ಲವು. ಇದಕ್ಕೆ ಅಂತರಯಂತ್ರವೆಂದು ಹೆಸರು. ಇಂಗ್ಲಂಡದ ಸರಕಾರವು ಇದಕ್ಕೆ 17,000 ಪೌಂಡುಗಳಿಗೂ ಹೆಚ್ಚು ಹಣವನ್ನು ಸುರಿಯಿತು. ಆದರೆ ಯಂತ್ರ ಕಟ್ಟುವ ಕಮ್ಮಟಗಾರನಿಗೂ ಬ್ಯಾಬೇಜನಿಗೂ ಜಗಳ ಹುಟ್ಟಿ ಕೆಲಸವು ಅರ್ಧಕ್ಕೆ ನಿಂತಿತು. 1832ರಲ್ಲಿ ಜೋಡಿಸಿದ ಒಂದು ತುಣುಕು ಮಾತ್ರ ಬ್ಯಾಬೇಜನ ಮನೆಯಲ್ಲಿದ್ದು, ಬಂದ ಅತಿಥಿಗಳಿಗೆ ಅದನ್ನು ತೋರಿಸುತ್ತಿದ್ದನು. ಹೆಚ್ಚಿನವರು ಜಾತ್ರೆಯ ಗೊಂಬೆಯನ್ನು ಕಂಡಂತೆ ಅದನ್ನು ಕಂಡು ಬೆರಗಾಗಿ ಹೋಗುತ್ತಿದ್ದರು. ತಾಯಿಯೊಡನೆ ಬಂದ ಏಡಾ ಮಾತ್ರ ಅದು ಹೇಗೆ ನಡೆಯುತ್ತದೆಂಬದನ್ನು ಅರಿತುಕೊಂಡು, ಅದರ ಸೊಬಗನ್ನು ಕಂಡಳೆಂದು ಜತೆಗಿದ್ದವರೊಬ್ಬರು ಮುಂದೆ ಬರೆದಿದ್ದಾರೆ.

ಮರುವರ್ಷ ತಾಯಿಮಗಳು ಉತ್ತರದ ಕೈಗಾರಿಕೆಯ ಊರುಗಳಿಗೆ ಪ್ರವಾಸ ಹೋದರು. ಅಲ್ಲಿ ಜಕಾರ್ಡನ ಮಗ್ಗವು ನೇಯುವದನ್ನು ಕಂಡರು. ಲೇಡಿ ಬೈರನ್ ಆ ತೂತಿನ ಪಟ್ಟಿಯ ಚಿತ್ರವನ್ನು ಸಹ ಬರೆದುಕೊಂಡಳು. ಅದೇ ಹೊತ್ತಿಗೆ ಬ್ಯಾಬೇಜನ ತಲೆಯಲ್ಲಿ ಇನ್ನೊಂದು ಯಂತ್ರವು ಮೊಳೆಯುತ್ತಿದ್ದಿತು. ಇದು ಒಂದೇ ಬಗೆಯ ಕೋಷ್ಟಕವನ್ನಲ್ಲ, ಹೇಳಿದ ಯಾವ ಲೆಕ್ಕವನ್ನಾದರೂ ಮಾಡತಕ್ಕದ್ದು. ಸಂಖ್ಯೆಗಳನ್ನು ಇಡುವ ಭಾಗಕ್ಕೆ ಉಗ್ರಾಣವೆಂದೂ, ಅವುಗಳನ್ನು ಕೂಡಿಸಿ, ಕಳೆದು, ಗುಣಿಸಿ, ಭಾಗಿಸುವ ಭಾಗಕ್ಕೆ ಗಿರಣಿಯೆಂದೂ ಆತನು ಕರೆದನು. ಗಂಗಾವತಿಯ ಅಕ್ಕಿ ಗಿರಣಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಗೋದಾಮಿನಿಂದ ಭತ್ತದ ಚೀಲಗಳು ಬರುವವು, ಗಿರಣಿಯಲ್ಲಿ ಅಕ್ಕಿಯಾಗಿ ಮತ್ತೆ ಗೋದಾಮಿಗೆ ಹೋಗುವವು. ಯಾವ ಸಂಖ್ಯೆ ಯಾವಾಗ ಬರಬೇಕು, ಬಂದದ್ದಕ್ಕೆ ಏನು ಮಾಡಬೇಕು ಎಂಬ ಅಪ್ಪಣೆಯನ್ನು ಕೊಡುವವರಾರು? ಜಕಾರ್ಡನ ರಟ್ಟುಗಳೇ. ಬ್ಯಾಬೇಜನು ಈ ರಟ್ಟುಗಳಿಗೆ ಎಷ್ಟು ಮಾರುಹೋಗಿದ್ದನೆಂದರೆ, ಸುಮಾರು 24,000 ಪಟ್ಟಿಗಳ ಸಹಾಯದಿಂದ ರೇಶಿಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವನ್ನು ತರಿಸಿಟ್ಟುಕೊಂಡಿದ್ದನು.

ಇನ್ನೊಂದು ಸಂಗತಿಯನ್ನು, ಕ್ರೈಸ್ತ ವಾಚಕರಿಗೆ ರುಚಿಸೀತೆಂದು, ಇಲ್ಲಿಯೇ ಹೇಳಿಬಿಡುವೆವು. 1837ರಲ್ಲಿ ಬ್ಯಾಬೇಜ್ ಪ್ರಕಟಿಸಿದ ಗ್ರಂಥವೊಂದರಲ್ಲಿ, ಒಂದೇ ನಿಯಮದಂತೆ ಸಾವಿರಾರು ಸಂಖ್ಯೆಗಳನ್ನು ಕೊಡುತ್ತ ಬಂದ ಯಂತ್ರವು ಮೊದಲೇ ಗೊತ್ತುಮಾಡಿದ ಘಳಿಗೆಗೆ ಬೇರೆ ನಿಯಮವನ್ನು ಅನುಸರಿಸುವಂತೆ ಮಾಡಬಹುದೆಂದು ತೋರಿಸಿ, ಅದ್ಭುತಕಾರ್ಯಗಳು ಸೃಷ್ಟಿಕರ್ತನ ನಿಯಮಕ್ಕೆ ಭಂಗವಲ್ಲ, ಆತನು ಆದಿಯಲ್ಲಿಯೇ ನಿಯಮಿಸಿದ ಇನ್ನೂ ವಿಶಾಲವಾದ ನಿಯಮದ ಭಾಗವೆಂದು ವಾದಿಸಿದನು. ವಾದವು ಎಲ್ಲರಿಗೂ ಒಪ್ಪಿತವಾಗದಿರಬಹುದು. ಯಂತ್ರದ ಗಾಲಿಗಳ ನಡುವೆ ಕೂತು ದೇವರ ಕ್ರಮವನ್ನು ಕುರಿತು ಆಲೋಚಿಸಿದ ಮನುಷ್ಯನೆಂಬದು ಮಾತ್ರ ನಿಜ.

1835ರ ಜುಲೈ 8ರಂದು ಏಡಾಳ ವಿವಾಹವು ವಿಲ್ಯಮ್ ಕಿಂಗ್ ಎಂಬ ಶ್ರೀಮಂತನೊಡನೆ ಆಯಿತು. ಮೂರು ವರ್ಷಗಳ ತರುವಾಯ ಆತನಿಗೆ ಲವ್ಲೇಸಿನ ಅರ್ಲ್ ಎಂಬ ಪದವಿಯು ಬಂದುದರಿಂದ ಈಕೆಯು ಲೇಡಿ ಲವ್ಲೇಸ್ ಆದಳು. 1836, 1837, 1839 ಈ ಇಸವಿಗಳಲ್ಲಿ ಬೈರನ್, ಆನ್, ರಾಲ್ಫ್ ಎಂಬ ಮೂವರು ಮಕ್ಕಳು ಹುಟ್ಟಿದರು. ಮದುವೆಯಾಗಿ ಮಕ್ಕಳಾದ ಮೇಲೆ ಪುಸ್ತಕವನ್ನು ಅಟ್ಟಕ್ಕೇರಿಸುವದು ನಮ್ಮಲ್ಲಿಯಂತೆ ಅಲ್ಲಿಯೂ ರೂಢಿ. ಏಡಾ ಹಾಗೆ ಮಾಡಲಿಲ್ಲ. ಆಗ ಇಂಗ್ಲಂಡದ ಯಾವ ವಿಶ್ವವಿದ್ಯಾಲಯವೂ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿರಲಿಲ್ಲ. 1840ರಿಂದ ಆಕೆಯು ಲಂಡನ್ನಿನ ಪ್ರಾಧ್ಯಾಪಕ ಆಗಸ್ಟಸ್ ಡಿ ಮಾರ್ಗನ್ನನಿಂದ ಪತ್ರಮುಖೇನ ಉಚ್ಚಗಣಿತವನ್ನು ಕಲಿಯತೊಡಗಿದಳು. ಆ ಪತ್ರಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಸುಲಭವಾದ ಬೀಜಗಣಿತದಲ್ಲಿ ಆಕೆಯು ಮುಗ್ಗರಿಸಿದ್ದೂ ಕಾಣುವದು. ಗುರುವೇ ತಡೆದು ಉತ್ತರ ಕೊಡಬೇಕಾದ ಪ್ರಶ್ನೆಗಳನ್ನು ಕೇಳಿದ್ದೂ ಕಾಣುವದು. ಆಕೆಯ ಬುದ್ಧಿಶಕ್ತಿಯನ್ನು ಬಹಳವಾಗಿ ಮೆಚ್ಚಿದ ಡಿ ಮಾರ್ಗನ್ನನೇ, ಇಷ್ಟು ತೀವ್ರವಾದ ಅಭ್ಯಾಸವನ್ನು ಹೆಂಗಸಿನ ದೇಹವು ತಾಳಲಾರದೇನೋ ಎಂಬ ತನ್ನ ಅಂಜಿಕೆಯನ್ನು ಆಕೆಯ ತಾಯಿಗೆ ಬರೆದು ತಿಳಿಸಿದನು. ಮೇಣಬತ್ತಿ ತೆಗೆಯಿಸಿದವರ ಅಂಜಿಕೆಯೂ ಪ್ರಾಧ್ಯಾಪಕನ ಅಂಜಿಕೆಯೂ ಒಂದೇ ಎಂದು ನಮಗೆ ತೋರುವದು.

ನಮ್ಮ ಸೀಮೆಯಲ್ಲಿಯೂ ಲೀಲಾವತಿಯ ಹೆಸರನ್ನು ಕೇಳದವರಿಲ್ಲ. ಭಾಸ್ಕರಾಚಾರ್ಯನ ಗಣಿತಗ್ರಂಥಕ್ಕೆ ಆ ಹೆಸರು ನಿಂತಿದೆ. ಆದರೆ ಆ ಹೆಣ್ಣುಮಗಳು ಸ್ವತಃ ಬಿಡಿಸಿದ ಒಂದು ಲೆಕ್ಕವೂ ನಮಗೆ ಉಳಿದುಬಂದಿಲ್ಲ. ಏಡಾಳ ವಿಷಯದಲ್ಲಿ ತಪ್ಪೊಪ್ಪುಗಳೆರಡೂ ಆಕೆಯ ಕೈಬರಹದಲ್ಲಿಯೇ ನಮ್ಮ ಮುಂದಿರುವದು ದೊಡ್ಡ ಭಾಗ್ಯ.

ಈಗ ಆಕೆಯ ಜೀವಿತದ ಮುಖ್ಯಕಾರ್ಯಕ್ಕೆ ಬರುವೆವು. 1840ರಲ್ಲಿ ಬ್ಯಾಬೇಜ್ ಇಟಲಿಯ ಟ್ಯುರಿನ್ ನಗರಕ್ಕೆ ಹೋಗಿ ತನ್ನ ಹೊಸ ಯಂತ್ರವನ್ನು ಕುರಿತು ವಿವರಿಸಿದನು. ಅದನ್ನು ಕೇಳಿದ ಲೂಯಿಜಿ ಮೆನಾಬ್ರಿಯಾ ಎಂಬ ತರುಣ ಇಂಜಿನಿಯರನು, ಮುಂದೆ ಇಟಲಿಯ ಪ್ರಧಾನಮಂತ್ರಿಯೂ ಆದವನು, 1842ರಲ್ಲಿ ಫ್ರೆಂಚ್ ಭಾಷೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಏಡಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ವಿಷಯವನ್ನು ಇಷ್ಟು ಚೆನ್ನಾಗಿ ಬಲ್ಲವಳು ಸ್ವಂತ ಲೇಖನವನ್ನೇ ಏಕೆ ಬರೆಯಲಿಲ್ಲವೆಂದು ಬ್ಯಾಬೇಜ್ ಕೇಳಿದಾಗ, ಅದು ತನಗೆ ಹೊಳೆಯಲೇ ಇಲ್ಲವೆಂಬದು ಆಕೆಯ ಉತ್ತರವಾಗಿದ್ದಿತು. ಹಾಗಾದರೆ ಟಿಪ್ಪಣಿಗಳನ್ನಾದರೂ ಸೇರಿಸೆಂದು ಆತನು ಸೂಚಿಸಿದನು. 1843ರ ಬೇಸಿಗೆಯೆಲ್ಲ ಏಡಾ ಈ ಟಿಪ್ಪಣಿಗಳಲ್ಲಿ ಮುಳುಗಿಹೋದಳು. ಕೊನೆಗೆ ಮೂಲಲೇಖನಕ್ಕಿಂತ ಟಿಪ್ಪಣಿಗಳೇ ಎರಡು ಮೂರು ಪಟ್ಟು ದೊಡ್ಡವಾದವು. ಅದೇ ವರ್ಷದ ಜುಲೈ 1ರಂದು, ಸಾವಿರಾರು ಹರದಾರಿ ದೂರದ ನಮ್ಮ ಕರಾವಳಿಯಲ್ಲಿ, ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಸಾಹೇಬರು ಕಲ್ಲಚ್ಚಿನಲ್ಲಿ ಮಂಗಳೂರ ಸಮಾಚಾರವೆಂಬ ಮೊದಲನೆಯ ಕನ್ನಡ ಪತ್ರಿಕೆಯನ್ನು ಹೊರಡಿಸಿದರು. ಕಾಲವನ್ನು ಮನಸ್ಸಿಗೆ ತಂದುಕೊಳ್ಳಲು ಇದು ಅನುಕೂಲವೆಂದು ಹೇಳಿದೆವು.

ಟಿಪ್ಪಣಿಗಳು ಏಳು. ಅವುಗಳಲ್ಲಿ ಎರಡು ವಿಚಾರಗಳು ಆಕೆಯ ಹೆಸರನ್ನು ಉಳಿಸಿವೆ. ಮೊದಲನೆಯದು, ಈ ಯಂತ್ರವು ಸಂಖ್ಯೆಗಳ ಮೇಲೆ ಕೆಲಸ ಮಾಡುವದಾದರೂ ಆ ಸಂಖ್ಯೆಗಳು ಬರಿಯ ಎಣಿಕೆಯನ್ನೇ ಸೂಚಿಸಬೇಕೆಂಬ ನಿಯಮವಿಲ್ಲ. ಸ್ವರಗಳ ಪರಸ್ಪರ ಸಂಬಂಧವನ್ನು ಸಂಖ್ಯೆಗಳಿಂದ ಸೂಚಿಸಲು ಬಂದರೆ ಯಂತ್ರವು ಸಂಗೀತವನ್ನು ಸಹ ಹೊಸೆಯಬಲ್ಲದು. ಜಕಾರ್ಡನ ಮಗ್ಗವು ಹೂವು ಎಲೆಗಳನ್ನು ನೇಯುವಂತೆ ಇದು ಬೀಜಗಣಿತದ ಚಿತ್ತಾರಗಳನ್ನು ನೇಯುವದೆಂದು ಆಕೆಯು ಹೋಲಿಸಿದಳು. ಯಂತ್ರವನ್ನು ಕಲ್ಪಿಸಿದ ಬ್ಯಾಬೇಜನ ಬರಹಗಳಲ್ಲಿ ಕೂಡ ಈ ಮಾತು ಇಷ್ಟು ಬಿಚ್ಚಿ ಬಂದಿಲ್ಲ. ಆತನ ಕಣ್ಣು ಕೋಷ್ಟಕಗಳ ಮೇಲಿದ್ದಿತು. ನಮ್ಮ ಮಕ್ಕಳ ಕೈಯಲ್ಲಿಯ ದೂರವಾಣಿಯು ಹಾಡುವದು, ಚಿತ್ರ ತೋರಿಸುವದು, ಕನ್ನಡದಲ್ಲಿ ಓಲೆ ಬರೆಯುವದು, ಎಲ್ಲವೂ ಈ ಒಂದು ತತ್ವದಿಂದಲೇ. ಕನ್ನಡದ ಅ ಎಂಬ ಅಕ್ಷರವು ಯುನಿಕೋಡ್ ಎಂಬ ಕ್ರಮದಲ್ಲಿ ಯಂತ್ರಕ್ಕೆ 3205 ಎಂಬ ಸಂಖ್ಯೆ. ಆ ಎಂಬದು 3206.

ಎರಡನೆಯದು, ಯಂತ್ರವು ತಾನಾಗಿ ಯಾವದನ್ನೂ ಹುಟ್ಟಿಸಲಾರದು; ನಾವು ಆಜ್ಞಾಪಿಸಲು ಬಲ್ಲದ್ದನ್ನು ಮಾತ್ರ ಮಾಡುವದು ಎಂಬ ಎಚ್ಚರಿಕೆ. ಇಂಗ್ಲಂಡದ ಅಲನ್ ಟ್ಯೂರಿಂಗ್ 1950ರಲ್ಲಿ ಯಂತ್ರಗಳು ಆಲೋಚಿಸಬಲ್ಲವೆ ಎಂಬ ಪ್ರಶ್ನೆಯನ್ನೆತ್ತಿದಾಗ, ಒಂದು ನೂರು ವರ್ಷಗಳಷ್ಟು ಹಳೆಯದಾದ ಈ ಮಾತನ್ನು ಲೇಡಿ ಲವ್ಲೇಸಳ ಆಕ್ಷೇಪವೆಂದು ಆಕೆಯ ಹೆಸರಿನಿಂದಲೇ ಕರೆದು ಅದಕ್ಕೆ ಉತ್ತರ ಹೇಳಲು ಯತ್ನಿಸಿದನು. ಕೃತಕ ಬುದ್ಧಿಯ ಸುದ್ದಿಯು ಹಳ್ಳಿಹಳ್ಳಿಗೂ ಬಂದಿರುವ ಈ ಕಾಲದಲ್ಲಿ ಆ ವಾದವು ಇನ್ನೂ ಮುಗಿದಿಲ್ಲ.

ಏಳನೆಯ ಟಿಪ್ಪಣಿಯ ತುದಿಯಲ್ಲಿ ಒಂದು ದೊಡ್ಡ ಕೋಷ್ಟಕವಿದೆ. ಬರ್ನೂಲಿಯ ಸಂಖ್ಯೆಗಳೆಂಬ ಕ್ಲಿಷ್ಟ ಭಿನ್ನರಾಶಿಗಳನ್ನು ಯಂತ್ರದಿಂದ ಹೊರಡಿಸಬೇಕಾದರೆ ಯಾವ ಕ್ರಿಯೆಯ ತರುವಾಯ ಯಾವ ಕ್ರಿಯೆ, ಯಾವ ಉಗ್ರಾಣದ ಸಂಖ್ಯೆ, ಯಾವ ಸಾಲುಗಳನ್ನು ಮತ್ತೆ ಮತ್ತೆ ನಡಿಸಬೇಕು ಎಂಬದನ್ನು 25 ಹೆಜ್ಜೆಗಳಲ್ಲಿ ಅಲ್ಲಿ ಬರೆದಿದೆ. ಇದನ್ನೇ ಪ್ರಪಂಚದ ಮೊದಲನೆಯ ಕಂಪ್ಯೂಟರ್ ಪ್ರೋಗ್ರಾಮ್ ಎಂದು ಹಲವರು ಕರೆಯುವರು. ಇಲ್ಲಿ ನಾವು ನ್ಯಾಯವಾಗಿ ಮಾತಾಡಬೇಕು. ಬ್ಯಾಬೇಜನು ಅದಕ್ಕೂ ಮೊದಲು ಸಣ್ಣ ಸಣ್ಣ ಲೆಕ್ಕಗಳಿಗೆ ಇಂಥ ಪಟ್ಟಿಗಳನ್ನು ಬರೆದಿಟ್ಟುಕೊಂಡಿದ್ದನು. ಬರ್ನೂಲಿಯ ಬೀಜಗಣಿತವನ್ನು ಏಡಾಳ ಶ್ರಮ ತಪ್ಪಿಸಲೆಂದು ತಾನೇ ಮಾಡಿಕೊಟ್ಟೆನೆಂದೂ, ಅದರಲ್ಲಿ ತಾನು ಮಾಡಿದ್ದ ದೊಡ್ಡ ತಪ್ಪೊಂದನ್ನು ಆಕೆಯೇ ಹುಡುಕಿ ಹಿಂದಿರುಗಿಸಿದಳೆಂದೂ ಆತನು 1864ರಲ್ಲಿ ಪ್ರಕಟಿಸಿದ ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಆದಕಾರಣ ಮೊದಲಿಗಳೆಂಬ ಪದವಿಯನ್ನು ಕುರಿತು ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ನಮಗೆ ತೋರುವ ಮಟ್ಟಿಗೆ ಆಕೆಯ ಹೆಚ್ಚಳವು ಆ ಪದವಿಯಲ್ಲಿಲ್ಲ. ಕಟ್ಟಿದವನಿಗೇ ಪೂರ್ತಿ ಕಾಣದಿದ್ದುದನ್ನು, ಇನ್ನೂ ಕಟ್ಟದ ಯಂತ್ರದ ನಕ್ಷೆಯಲ್ಲಿ ಓದಿ ತೆಗೆದಳಲ್ಲ, ಅದರಲ್ಲಿದೆ. ಆ ಕೋಷ್ಟಕದ ನಾಲ್ಕನೆಯ ಹೆಜ್ಜೆಯಲ್ಲಿ ಭಾಗಾಕಾರವು ತಲೆಕೆಳಗಾಗಿ ಅಚ್ಚಾಗಿದೆ! ಮುದ್ರಣದ ದೋಷವೋ ಬರೆದವರ ದೋಷವೋ ಅರಿಯೆವು. ಪ್ರೋಗ್ರಾಮಿನೊಡನೆ ಅದರ ತಪ್ಪೂ ಹುಟ್ಟಿತೆಂದು ಆ ವೃತ್ತಿಯವರು ವಿನೋದವಾಗಿ ಹೇಳಿಕೊಳ್ಳುವರು.

ಲೇಖನವು ಲಂಡನ್ನಿನ ವಿಜ್ಞಾನ ಸಂಪುಟವೊಂದರಲ್ಲಿ ಅಚ್ಚಾಯಿತು. ಕುಲೀನ ಸ್ತ್ರೀಯ ಹೆಸರು ಅಚ್ಚಿನಲ್ಲಿ ಬರುವದು ಸಲ್ಲದೆಂಬ ಕಾಲ. ಆದ್ದರಿಂದ ಟಿಪ್ಪಣಿಗಳ ಕೆಳಗೆ ಎ. ಎ. ಎಲ್. ಎಂಬ ಮೂರು ಅಕ್ಷರಗಳು ಮಾತ್ರ ಕಾಣಿಸಿದವು. ಆ ಸಮಯಕ್ಕೆ ಬ್ಯಾಬೇಜ್ ಸರಕಾರವನ್ನು ನಿಂದಿಸುವ ಒಂದು ಬರಹವನ್ನು ತನ್ನ ಹೆಸರಿಲ್ಲದೆ ಲೇಖನದೊಡನೆ ಸೇರಿಸಬೇಕೆಂದು ಹಟಮಾಡಿದನು. ಏಡಾ ಅದಕ್ಕೆ ಒಪ್ಪಲಿಲ್ಲ. ಹಿರಿಯನೆಂದು ಗೌರವಿಸುತ್ತಲೇ ಇಪ್ಪತ್ತೇಳು ವರ್ಷದ ಆ ಹೆಂಗಸು ತನ್ನ ಮಾತಿಗೆ ಗಟ್ಟಿಯಾಗಿ ನಿಂತಳು. ಯಂತ್ರದ ವ್ಯವಹಾರವನ್ನೆಲ್ಲ ತಾನು ನೋಡಿಕೊಳ್ಳುವೆನೆಂಬ ಆಕೆಯ ಸೂಚನೆಯನ್ನು ಆತನು ನಿರಾಕರಿಸಿದನು. ಸ್ನೇಹವು ಮಾತ್ರ ಕಡೆಯವರೆಗೂ ಉಳಿಯಿತು.

ಮುಂದಿನ ಒಂಬತ್ತು ವರ್ಷಗಳ ವೃತ್ತಾಂತವು ಸುಖಕರವಾದುದಲ್ಲ; ಅದನ್ನು ಮುಚ್ಚಿಡುವದು ಸತ್ಯಕ್ಕೆ ದ್ರೋಹ. ಅಂಥ ಇನ್ನೊಂದು ಗ್ರಂಥವು ಆಕೆಯಿಂದ ಬರಲಿಲ್ಲ. ಆರೋಗ್ಯವು ಪದೇ ಪದೇ ಕೆಡುತ್ತಿದ್ದಿತು. ವೈದ್ಯರು ಆ ಕಾಲದ ರೂಢಿಯಂತೆ ಅಫೀಮಿನ ಔಷಧಗಳನ್ನು ಕೊಡುತ್ತಿದ್ದರು. ಕುದುರೆಯ ಜೂಜಿನ ಬಲೆಗೆ ಬಿದ್ದು ಸಾವಿರಾರು ಪೌಂಡು ಕಳೆದುಕೊಂಡಳು. ಮನೆತನದ ವಜ್ರದ ಆಭರಣಗಳನ್ನು ಗಂಡನಿಗೆ ತಿಳಿಯದಂತೆ ಒತ್ತೆಯಿಟ್ಟಳು. ತಾಯಿಯು ಹಣ ಕೊಟ್ಟು ಅವುಗಳನ್ನು ಬಿಡಿಸಿದಳು. ಲೆಕ್ಕದ ಬಲದಿಂದ ಜೂಜನ್ನು ಗೆಲ್ಲಬಹುದೆಂದು ನಂಬಿದ್ದಳೆಂದು ಕೆಲವರು ಹೇಳುವರು. ದೊರೆತ ತಲಾಂತನ್ನು ಹೂತಿಟ್ಟ ಸೇವಕನ ಕಥೆಯನ್ನು ನಾವೆಲ್ಲ ಬಲ್ಲೆವು. ಈಕೆಯು ಹೂತಿಡಲಿಲ್ಲ, ಒಂದು ಪಾಲನ್ನು ಪಣಕ್ಕೊಡ್ಡಿದಳು. ಸಂಗಡಿಗರಾದ ಗಣಿತಜ್ಞರು ಸಭೆಗಳಲ್ಲಿ ಕೂತು ಚರ್ಚಿಸುತ್ತಿದ್ದಾಗ ಆಕೆಗೆ ಅಲ್ಲಿ ಪೀಠವಿರಲಿಲ್ಲವೆಂಬದನ್ನೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕು.

1852ರಲ್ಲಿ ಗರ್ಭಕೋಶದ ಏಡಿಗಂತಿಯ ರೋಗವು ಆಕೆಯನ್ನು ಹಾಸಿಗೆಗೆ ಕಟ್ಟಿಹಾಕಿತು. ವೇದನೆಯು ಅಪಾರವಾಗಿದ್ದಿತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಆಗಸ್ಟ್ ತಿಂಗಳಲ್ಲಿ ಆಕೆಯನ್ನು ನೋಡಬಂದು, ಆಕೆಯ ಇಚ್ಛೆಯಂತೆ ತನ್ನ ಕಾದಂಬರಿಯೊಂದರಿಂದ ಬಾಲಕನ ಮರಣದ ಭಾಗವನ್ನು ಓದಿ ಹೇಳಿದನು. ತಾಯಿಯು ಮಂಚದ ಬಳಿ ಕೂತು ಸೇವೆ ಮಾಡಿದಳು. ಪಶ್ಚಾತ್ತಾಪಕ್ಕೂ ಪ್ರಾರ್ಥನೆಗೂ ಮಗಳನ್ನು ಪ್ರೇರಿಸಿದಳು. ನವೆಂಬರ 27ರಂದು, ತಂದೆಯು ತೀರಿಕೊಂಡ ಅದೇ 36ನೆಯ ವಯಸ್ಸಿನಲ್ಲಿ, ಏಡಾ ಮರಣಹೊಂದಿದಳು. ಜೀವದಲ್ಲಿ ಒಮ್ಮೆಯೂ ಕಾಣದ ತಂದೆಯ ಪಕ್ಕದಲ್ಲಿಯೇ ತನ್ನನ್ನು ಮಲಗಿಸಬೇಕೆಂಬ ಆಕೆಯ ಇಚ್ಛೆಯಂತೆ ನಾಟಿಂಗ್‌ಹ್ಯಾಮ್ ಪ್ರಾಂತದ ಹಕ್ನಲ್ ಊರಿನ ದೇವಾಲಯದಲ್ಲಿ ಸಮಾಧಿಯಾಯಿತು.

ಬ್ಯಾಬೇಜ್ 1871ರಲ್ಲಿ ತೀರಿಕೊಂಡನು. ಅವನ ದೊಡ್ಡ ಯಂತ್ರವು ಕಾಗದದ ಮೇಲೆಯೇ ಉಳಿಯಿತು. ತೂತಿನ ಪಟ್ಟಿಗಳು ಮಾತ್ರ ಬೇರೆ ದಾರಿಯಿಂದ ಬಂದವು: ಅಮೇರಿಕದ ಹರ್ಮನ್ ಹಾಲೆರಿತ್ 1890ರ ಜನಗಣತಿಯನ್ನು ಅಂಥ ಪಟ್ಟಿಗಳಿಂದ ಎಣಿಸಿ ತೋರಿಸಿದನು, ಆತನ ಸಂಸ್ಥೆಯೇ ಇತರ ಸಂಸ್ಥೆಗಳೊಡನೆ ಕೂಡಿ 1924ರಲ್ಲಿ ಐ.ಬಿ.ಎಮ್. ಎಂಬ ಹೆಸರನ್ನು ತಾಳಿತು. 1946ರಲ್ಲಿ ಲೋಕಕ್ಕೆ ತೋರಿಸಲ್ಪಟ್ಟ ಎನಿಯಾಕ್ ಎಂಬ ವಿದ್ಯುದ್ಯಂತ್ರಕ್ಕೆ ಲೆಕ್ಕದ ಕ್ರಮವನ್ನು ಹೂಡಿದವರು ಆರು ಮಂದಿ ತರುಣಿಯರು. ಅವರ ಹೆಸರುಗಳನ್ನು ಕೂಡ ಬಹುಕಾಲ ಯಾರೂ ಕೇಳಲಿಲ್ಲ. ಈ ಯಂತ್ರಗಳನ್ನು ಕಟ್ಟಿದವರೆಲ್ಲ ಏಡಾಳನ್ನು ಓದಿದ್ದರೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆಕೆಯ ಟಿಪ್ಪಣಿಗಳು ಧೂಳುಹಿಡಿದು ಕೂತಿದ್ದವು. 1953ರಲ್ಲಿ ಅವುಗಳನ್ನು ಪುನಃ ಅಚ್ಚುಹಾಕಿದಾಗಲೇ ಹೆಚ್ಚಿನವರ ಕಣ್ಣು ತೆರೆಯಿತು. ಎರಡು ವರ್ಷಗಳಾದ ಮೇಲೆ, 1955ರಲ್ಲಿ, ಕಲಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ನಮ್ಮ ದೇಶದ ಮೊದಲನೆಯ ಗಣಕಯಂತ್ರವು ಬಂದಿತು. ಅಮೇರಿಕದ ಸೇನಾಖಾತೆಯು ತನ್ನ ಯಂತ್ರಭಾಷೆಗೆ ಏಡಾ ಎಂದು ಹೆಸರಿಟ್ಟು, 1980ರಲ್ಲಿ ಆ ಭಾಷೆಯ ಕಟ್ಟಳೆಯ ಪುಸ್ತಕಕ್ಕೆ ಆಕೆಯ ಜನ್ಮವರ್ಷವಾದ 1815ನ್ನೇ ಕ್ರಮಸಂಖ್ಯೆಯಾಗಿ ಕೊಟ್ಟಿತು. ಬ್ಯಾಬೇಜನ ಎರಡನೆಯ ಅಂತರಯಂತ್ರವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು ಆತನ ನಕ್ಷೆಗಳಂತೆಯೇ 1991ರಲ್ಲಿ ಕಟ್ಟಿ ತಿರುಗಿಸಿದಾಗ ಅದು ತಪ್ಪಿಲ್ಲದೆ ಲೆಕ್ಕ ಮಾಡಿತು.

ಏಡಾಳ ಮಕ್ಕಳಲ್ಲಿ ಹೆಸರಾದವಳು ಮಗಳು ಆನ್. ತಾಯಿಯು ತೀರಿಕೊಂಡಾಗ ಆಕೆಗೆ ಹದಿನೈದು ವರ್ಷ. ಅರಬ್ಬಿ ಭಾಷೆಯನ್ನು ಕಲಿತು, ಪತಿ ವಿಲ್ಫ್ರಿಡ್ ಬ್ಲಂಟನೊಡನೆ ಅರಬಸ್ತಾನದ ಮರುಭೂಮಿಯಲ್ಲಿ ಕುದುರೆಯ ಮೇಲೆ ಸಂಚರಿಸಿ, ಅಲ್ಲಿಯ ಉತ್ತಮ ತಳಿಯ ಕುದುರೆಗಳನ್ನು ಇಂಗ್ಲಂಡಕ್ಕೆ ತಂದು ಸಾಕಿದಳು. ಅಜ್ಜಿಯ ಶಿಸ್ತು, ತಾಯಿಯ ಸಾಹಸ ಎರಡೂ ಆಕೆಯಲ್ಲಿ ಕೂಡಿದ್ದವು. 1883ರ ಕೊನೆಗೆ ಈ ದಂಪತಿಗಳು ಹಿಂದುಸ್ಥಾನಕ್ಕೆ ಬಂದು, ಪ್ರವಾಸ ಮಾಡುತ್ತ ಹೈದರಾಬಾದಿಗೂ ಹೋದರು. ದಿವಾಣರಾದ ಮೊದಲನೆಯ ಸಾಲಾರ್ ಜಂಗರು ಅದೇ ವರ್ಷ ತೀರಿಕೊಂಡಿದ್ದು, ನಗರವೆಲ್ಲ ಮುಂದಿನ ದಿವಾಣರಾರೆಂಬ ಮಾತಿನಲ್ಲಿಯೇ ಇದ್ದಿತು. ನಮ್ಮ ಕೊಪ್ಪಳ, ಯಲಬುರ್ಗಾ ತಾಲೂಕುಗಳು ಆಗ ಆ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು.